ಗಾಜು ಇಳಿಸಿದ ದಿನ

ಮೊದಲ ಗಾಜು ಇಳಿದಾಗ ಹಿಲ್ಡಾ ಮಹಡಿಯ ಕಿಟಕಿಯಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಕೆಳಗೆ, ನಡುಗೋಡೆಯ ಆಚೆಯ ಮನೆಯ ಹಿತ್ತಲಿನಲ್ಲಿ, ಕ್ಲಿಫರ್ಡ್ ಮತ್ತು ನೋರಾ ದಂಪತಿಯ ಗಾಜಿನ ಕೋಣೆಯ ಮಾಡಿನ ಮೇಲೆ ಅಡ್ಡ ಹಲಗೆ ಹಾಕಿಕೊಂಡು ಇಬ್ಬರು ಕೆಲಸಗಾರರು ಮಂಡಿಯೂರಿದ್ದರು. ಒಬ್ಬ ಗಾಜಿನ ಅಂಚಿನ ರಬ್ಬರನ್ನು ಚೂರಿಯಿಂದ ಸೀಳಿಕೊಂಡು ಬಂದ, ಮೀನಿನ ಹೊಟ್ಟೆ ಸೀಳಿದ ಹಾಗೆ, ಒಂದೇ ಎಳೆತಕ್ಕೆ. ಇಬ್ಬರೂ ಸೇರಿ ಗಾಜನ್ನು ಎತ್ತಿ, ಕೆಳಗಿಳಿಸಿ, ಬೇಲಿಯ ಕಿಂಡಿಯಿಂದ ಹಿಲ್ಡಾಳ ಅಂಗಳಕ್ಕೆ ದಾಟಿಸಿ, ಅಲ್ಲಿ ನಿಲ್ಲಿಸಿದ್ದ ಕಬ್ಬಿಣದ ತೊಟ್ಟಿಗೆ ಎಸೆದರು. ಗಾಜು ಒಡೆದ ಸದ್ದಿಗೆ ಎದುರು ಗುಡ್ಡದ ಕಾಗೆಗಳೆಲ್ಲ ಎದ್ದವು. ಅದು ಚೂಪಾಗಿ ಒಡೆಯುವ ಗಾಜಲ್ಲ. ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಉದುರಿತು. ಹಿಲ್ಡಾಳಿಗೆ ಆ ಹರಳುಗಳನ್ನು ಬೊಗಸೆ ತುಂಬ ಎತ್ತಿಕೊಂಡು ಕ್ಲಿಫರ್ಡನ ಬಾಯಿಗೆ ತುರುಕಬೇಕು, ತುರುಕಿ ದವಡೆಯನ್ನು ಎರಡೂ ಕೈಯಿಂದ ಒತ್ತಿ ಅಗಿಸಬೇಕು ಅನ್ನಿಸಿತು. ಅನ್ನಿಸಿದ್ದೇ ಕಿಟಕಿಯ ಚೌಕಟ್ಟನ್ನು ಹಿಡಿದುಕೊಂಡು, ದೇವರೇ ಕ್ಷಮಿಸು, ಎಂದಳು. ನಾಳಿದ್ದು ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅದೇ ಕ್ಲಿಫರ್ಡ್ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲಾಗಿ ಬರುತ್ತಾನೆ, ಅವಳ ಮುಂದೆ ಸ್ವಲ್ಪ ಹೆಚ್ಚೇ ಬಾಗುತ್ತಾನೆ, ಮಂಡಿ ನೋವು ಹೇಗಿದೆ ಎಂದು ಕೇಳುತ್ತಾನೆ.

ಬೇಲಿಯ ಕಿಂಡಿ ಅವಳೇ ಕೊಟ್ಟದ್ದು. ಎರಡು ಮನೆಯ ನಡುವಿನ ಮರದ ಬೇಲಿಯಲ್ಲಿ ಒಂದು ಅಂಕಣ ಬಿಚ್ಚಿದರೆ ಸಾಮಾನು ಸಾಗಿಸಲು ಅನುಕೂಲ ಎಂದು ಕ್ಲಿಫರ್ಡ್ ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ. ಈ ಊರಿನಲ್ಲಿ ಹಾಗೆ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯಿಲ್ಲ. "ಅಯ್ಯೋ, ಅದಕ್ಕೇನಂತೆ, ಧಾರಾಳವಾಗಿ ಬಿಚ್ಚಿಸಿ" ಎಂದು ಅವಳ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತ್ತು. ಆಗ ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಕ್ಕಿದ್ದ. "ನೀವು ಅವತ್ತು ಹೇಳಿದ್ರಲ್ಲ ಹಿಲ್ಡಾ, ಅದು ಮನಸ್ಸಲ್ಲೇ ಇತ್ತು ನೋಡಿ. ಗಾಜಿನ ಮಾಡು ತೆಗೆಸಿ, ಬೆಚ್ಚಗಿರೋ ಗಟ್ಟಿ ಹಲಗೆ ಹಾಕಿಸ್ತಿದೀನಿ. ಮೇಲೆ ಹೆಂಚು. ಇನ್ನು ಚಳಿ ಇಲ್ಲ, ಸೆಖೆ ಇಲ್ಲ. ನಿಮಗೂ ತೊಂದರೆ ಇಲ್ಲ."

ಅವತ್ತು ಹೇಳಿದ್ದು. ವಸಂತದಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ಮಂದಿರದ ಹಿಂದಿನ ಕೋಣೆಯಲ್ಲಿ ಎಲ್ಲರೂ ಬಿಸ್ಕತ್ತು ತಿನ್ನುತ್ತ ನಿಂತಿದ್ದಾಗ. ಎಷ್ಟೋ ತಿಂಗಳಿಂದ ಆ ಮಾತನ್ನು ಎದೆಯೊಳಗೆ ಕಾಯಿಸಿ, ಬಡಿದು, ಹರಿತ ಮಾಡಿಟ್ಟುಕೊಂಡಿದ್ದಳು. ಹೊತ್ತು ಬಂದಾಗ ಬಾಯಿಂದ ಹೊರಬಿದ್ದದ್ದು ಇಷ್ಟು: "ಕ್ಲಿಫರ್ಡ್, ನಮ್ಮ ಮಹಡಿ ಕಿಟಕಿಯಿಂದ ನಿಮ್ಮ ಗಾಜಿನ ಕೋಣೆ ಪೂರಾ ಕಾಣ್ಸುತ್ತೆ ಗೊತ್ತಾ. ಎಲ್ಲಾ ಕಾಣ್ಸುತ್ತೆ." ಎಲ್ಲಾ ಅನ್ನುವಾಗ ಅವನ ಕಣ್ಣನ್ನೇ ನೋಡಿದ್ದಳು. ತನ್ನ ಜೀವಮಾನದಲ್ಲಿ ಅದಕ್ಕಿಂತ ಗಟ್ಟಿ ಮಾತನ್ನು ಅವಳು ಯಾರಿಗೂ ಆಡಿದವಳಲ್ಲ. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, "ಹೌದಾ? ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಾ ನಿಮಗೆ?" ಎಂದ. ಅವಳು, "ಅಯ್ಯೋ ಛೇ, ಹಾಗೇನಿಲ್ಲ" ಎಂದಳು. "ಇಲ್ಲ ಇಲ್ಲ, ಅದಕ್ಕೊಂದು ವ್ಯವಸ್ಥೆ ಮಾಡ್ತೀನಿ" ಎಂದು ಅವನು ಅವಳ ತೋಳು ಮುಟ್ಟಿ ಹೇಳಿದ. ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕಾಲು ನೆಲದ ಮೇಲಿರಲಿಲ್ಲ. ಹೇಳಿಬಿಟ್ಟೆ, ಅವನಿಗೆ ಮುಟ್ಟಿತು, ಇನ್ನು ಕೈ ಎತ್ತಲಾರ. ಮುಟ್ಟಿದ್ದೇನೋ ನಿಜ.

ಎರಡನೆಯ ಗಾಜು ಇಳಿಯಿತು. ಮೂರನೆಯದು. ಅವು ಹೋದಲ್ಲೆಲ್ಲ ಒಳಗಿನ ಸಾಮಾನು ಇನ್ನೂ ನಿಚ್ಚಳವಾಗಿ ಕಾಣತೊಡಗಿತು. ಬೆತ್ತದ ಕುರ್ಚಿ, ಕೆಂಪು ಹೂವಿನ ಕುಂಡಗಳು, ಮೂಲೆಯ ಎತ್ತರದ ದೀಪ. ಆ ಕುರ್ಚಿಯಲ್ಲಿ ನೋರಾ ಕುಳಿತಿರುತ್ತಿದ್ದಳು. ನಡುಗೋಡೆಯಾಚೆ ಮೊದಲು ಮಂಚದ ಕಾಲು ಸರಿದ ಸದ್ದು, ಆಮೇಲೆ ಹಿಟ್ಟಿನ ಚೀಲ ಬಿದ್ದಂಥ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಹಿಲ್ಡಾಳ ಗಂಡ ಆರ್ಥರ್, ಇದ್ದಷ್ಟು ಕಾಲ, ಎದ್ದು ರೇಡಿಯೋದ ಗುಂಡಿ ತಿರುಗಿಸುತ್ತಿದ್ದ. "ಗಂಡ ಹೆಂಡ್ತಿ ವಿಷಯ ಕಣೇ, ನಮಗ್ಯಾಕೆ" ಅನ್ನುತ್ತಿದ್ದ. ಒಳ್ಳೆಯ ಮನುಷ್ಯ, ಇರುವೆ ಸಾಲನ್ನೂ ದಾಟಿ ಹೋಗುವವನು. ಬ್ಯಾಂಡಿನ ತುತ್ತೂರಿ ಮನೆ ತುಂಬುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ಗಾಜಿನ ಕೋಣೆಯ ದೀಪ ಹೊತ್ತಿಕೊಳ್ಳುತ್ತಿತ್ತು. ನೋರಾ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು, ಚಳಿಗಾಲದಲ್ಲಿ ಮೇಲಂಗಿ ಹೊದ್ದು, ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಕ್ಲಿಫರ್ಡ್ ಹಿಂದೆಯೇ ಬರುತ್ತಿದ್ದ, ಆದರೆ ಆ ಹೊಸ್ತಿಲು ದಾಟುತ್ತಲೇ ಅವನು ಬೇರೆ ಮನುಷ್ಯ. ತಲೆಯ ಮೇಲೆ ಬರಿಯ ಗಾಜು, ಅದರ ಮೇಲೆ ಸಾಲು ಮನೆಗಳ ಮಹಡಿ ಕಿಟಕಿಗಳು. ಚಹಾ ತಂದುಕೊಡುತ್ತಿದ್ದ, ಬಟ್ಟಲ ಕೆಳಗೆ ತಟ್ಟೆ ಇಟ್ಟು. ಆ ಕೋಣೆಯಲ್ಲಿ ಅವನು ಒಂದು ಸಲವೂ ಕೈ ಎತ್ತಿದ್ದಿಲ್ಲ. ಇಡೀ ಮನೆಯಲ್ಲಿ ಅವಳಿಗೆ ಅಂತ ಇದ್ದದ್ದು ಆ ಒಂದು ಬಂಡಿಯಷ್ಟು ಜಾಗ.

ಒಂದು ಸಲ ನೋರಾ ತಲೆ ಎತ್ತಿ ನೋಡಿದ್ದಳು, ಕುರ್ಚಿಯಲ್ಲಿ ಕುಳಿತ ಹಾಗೆಯೇ, ಸರಿಯಾಗಿ ಹಿಲ್ಡಾಳ ಕಿಟಕಿಗೆ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ನೋಡಿತು. ಹಿಲ್ಡಾ ಪರದೆ ಎಳೆದಳು. ಆಮೇಲೆ ಪರದೆಯ ಹಿಂದೆ ನಿಂತೇ ಇದ್ದಳು, ಎಷ್ಟು ಹೊತ್ತೋ, ಉಸಿರು ಬಟ್ಟೆಗೆ ತಾಗುತ್ತ. ಏಕೆ ಎಳೆದೆ ಎಂದು ದೇವರು ಕೇಳಿದರೆ ಅವಳ ಹತ್ತಿರ ಇದ್ದ ಉತ್ತರ ಒಂದೇ. ಇಣುಕುವುದು ಮರ್ಯಾದೆಯಲ್ಲ.

ಮಧ್ಯಾಹ್ನಕ್ಕೆ ಮಾಡು ಪೂರ್ತಿ ಬೋಳಾಗಿ ಎಲುಬುಗಳಷ್ಟೇ ನಿಂತಿದ್ದವು. ಹಿಲ್ಡಾ ಶುಂಠಿ ಬೆಲ್ಲದ ಕೇಕನ್ನು ಕತ್ತರಿಸಿ ತಟ್ಟೆಯಲ್ಲಿಟ್ಟುಕೊಂಡು ಕಿಂಡಿಯ ಬಳಿಗೆ ಹೋದಳು. ಕೆಲಸಗಾರರಿಗೆ ಪಕ್ಕದ ಮನೆಯವರೂ ಏನಾದರೂ ಕೊಡುವುದು ರೂಢಿ. ಆದರೆ ಅವಳು ಹೋದದ್ದು ಅದಕ್ಕಲ್ಲ. ಇವತ್ತು ಹೇಳಬೇಕು ಎಂದು ಹೋದದ್ದು. ಕ್ಲಿಫರ್ಡ್ ಊರೊಳಗೆ ಮಂದಿರದ ಸಭೆಗೆ ಹೋಗಿದ್ದ. ನೋರಾ ಅಡುಗೆಮನೆಯ ಮೆಟ್ಟಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದಳು, ಅಂಗಿಯ ತೋಳು ಮಣಿಕಟ್ಟಿನವರೆಗೂ ಇಳಿದಿತ್ತು. ಮೇಸ್ತ್ರಿ ಬ್ಯಾರಿ, ಹೊಟ್ಟೆ ದೊಡ್ಡದು, ನಗು ಇನ್ನೂ ದೊಡ್ಡದು, ಕೇಕನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡ.

"ಅಮ್ಮಾವ್ರೇ, ನಿಮ್ಮನ್ನ ಮದುವೆ ಆಗೋಣ ಅಂದ್ರೆ ಮನೇಲಿ ಒಬ್ಳು ಕೂತಿದಾಳೆ."

"ಮೊದಲು ಕೆಲಸ ಮುಗಿಸಪ್ಪ, ಆಮೇಲೆ ಹೆಣ್ಣು ನೋಡುವೆಯಂತೆ" ಎಂದಳು ಹಿಲ್ಡಾ.

"ಸಾಯಂಕಾಲದೊಳಗೆ ಹಲಗೆ ಪೂರಾ ಕೂರಿಸ್ತೀವಿ. ಗೇಣುದ್ದ ದಪ್ಪ, ಒಳಗೆಲ್ಲ ಒತ್ತಾಗಿ ತುಂಬಿರೋದು. ಮಳೆ ಬಿದ್ರೂ ಸದ್ದಿಲ್ಲ. ಒಳಗೆ ಬ್ಯಾಂಡ್ ಬಾರಿಸಿದ್ರೂ ಮೇಲಕ್ಕೆ ಬರಲ್ಲ. ಹೆಂಚು, ನಿಮ್ಮ ಬೇಲಿ, ಎರಡೂ ನಾಳೆ."

ನೋರಾ ಲೋಟ ಕೊಡುತ್ತ ಮೆಲ್ಲಗೆ ಕೇಳಿದಳು, "ಒಂದು ಸಣ್ಣ ಕಿಟಕಿ, ಮೇಲ್ಗಡೆ... ಈಗಲೂ ಇಡೋಕಾಗಲ್ವಾ ಬ್ಯಾರಿ?"

"ಆಗಲೇ ಹೇಳಿದ್ನಲ್ಲಮ್ಮ. ಯಜಮಾನ್ರು ಬೇಡ ಅಂದಿದಾರೆ. ಸೋರುತ್ತೆ ಅಂತ. ಸೋರಲ್ಲ, ಆದ್ರೆ ಮನೆ ಅವರದ್ದು." ಅವನು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕೈಯಲ್ಲಿ ಹಿಡಿದು, ಖಾಲಿ ತಟ್ಟೆಯನ್ನು ನೋರಾಳಿಗೆ ಕೊಟ್ಟು ಏಣಿಯತ್ತ ಹೋದ.

ಇಬ್ಬರು ಹೆಂಗಸರೂ ಕಿಂಡಿಯ ಎರಡು ಪಕ್ಕ ನಿಂತರು. ನೆಲದಲ್ಲಿ ಬೇಲಿ ಇದ್ದ ಕಡೆ ಒದ್ದೆ ಮಣ್ಣಿನ ಗೆರೆಯೊಂದು ಉಳಿದಿತ್ತು. ಈಗ ಹೇಳು, ಎಂದಿತು ಹಿಲ್ಡಾಳ ಎದೆ. ಬಾ ನಮ್ಮನೆಗೆ ಅನ್ನು, ಮೇಲಿನ ಕೋಣೆ ಖಾಲಿ ಇದೆ ಅನ್ನು. ಅಷ್ಟರಲ್ಲಿ ನೋರಾಳೇ, ಹವಾಮಾನದ ಮಾತಾಡುವ ದನಿಯಲ್ಲಿ, ಮಾಡಿನ ಎಲುಬುಗಳನ್ನು ನೋಡುತ್ತ ಹೇಳಿದಳು:

"ನಿನ್ನ ಕಿಟಕಿ ಇನ್ನು ಕಾಣ್ಸಲ್ಲ, ಅಲ್ವಾ."

ಹಿಲ್ಡಾ ಕಾಲಬಳಿಯ ಮಣ್ಣಿನ ಗೆರೆಯನ್ನು ನೋಡಿದಳು.

"ನೀನು ಪರದೆ ಎಳೆದ ಮೇಲೂ ನಿನ್ನ ನೆರಳು ಅದರ ಮೇಲೆ ಬೀಳ್ತಿತ್ತು. ಹೋಗಿಲ್ಲ, ನಿಂತಿದಾಳೆ ಅಂತ ಗೊತ್ತಾಗ್ತಿತ್ತು. ಅವರಿಗೂ ಗೊತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ."

ಹಿಲ್ಡಾಳ ಬಾಯಿ ತೆರೆಯಿತು. ಅದರಿಂದ ಬಂದ ಮಾತು, "ಚಳಿಗಾಲದಲ್ಲಿ ಬೆಚ್ಚಗಿರುತ್ತೆ ಬಿಡು."

ನೋರಾ ನಕ್ಕಳು. ಕೆಟ್ಟ ನಗುವೇನಲ್ಲ, ಅಂಗಡಿಯಲ್ಲಿ ಕೇಳಿದ್ದು ಇಲ್ಲ ಅಂದಾಗ ಪರವಾಗಿಲ್ಲ ಎಂದು ನಗುವಂಥದ್ದು. "ಹೂಂ, ಬೆಚ್ಚಗಿರುತ್ತೆ" ಎಂದು ಖಾಲಿ ತಟ್ಟೆಯನ್ನು ಅವಳ ಕೈಗಿಟ್ಟು ಒಳಗೆ ಹೋದಳು.

ಮತ್ತೆ ಮಹಡಿ, ಮತ್ತೆ ಕಿಟಕಿ. ಹಲಗೆಗಳು ಏರತೊಡಗಿದವು, ಬೂದು ಬಣ್ಣದವು, ಮಂಚದ ಹಾಸಿಗೆಯಷ್ಟು ದಪ್ಪ. ಕೂರಿಸಿ, ಮೊಳೆ ತಿರುಪಿ, ಸಂದಿಗೆ ನೊರೆ ತುಂಬುತ್ತಿದ್ದರು; ಆ ನೊರೆ ಉಬ್ಬಿ ಹಳದಿಯಾಗಿ ಗಾಯದ ಕೀವಿನ ಹಾಗೆ ಗಟ್ಟಿಯಾಗುತ್ತಿತ್ತು. ಮೊದಲ ಹಲಗೆಯಡಿ ಕುಂಡಗಳು ಹೋದವು. ಮುಂದಿನದರಡಿ ದೀಪ. ಅದಾದ ಮೇಲೆ ಬೆತ್ತದ ಕುರ್ಚಿಯ ಬೆನ್ನು, ಆಮೇಲೆ ಕೈ, ಆಮೇಲೆ ಕುರ್ಚಿಯೇ. ಹಿಲ್ಡಾಳಿಗೆ ಅಪ್ಪನ ನೆನಪಾಯಿತು. ಅಪ್ಪ ಹಿತ್ತಲಲ್ಲಿ ಬಕೆಟ್ಟಿನ ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ತಾನು ಕುಳಿತು, ನಿಧಾನವಾಗಿ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದಾನೆ. ಒಳಗೆ ಬೆಕ್ಕಿನ ಮರಿಗಳು, ನೀರು. "ಆಕಡೆ ನೋಡು ಪುಟ್ಟಾ, ಮೋಡ ನೋಡು ಎಷ್ಟು ಚೆನ್ನಾಗಿದೆ." ಅವಳು ಮೋಡ ನೋಡಿದಳು. ತಗಡಿನ ಒಳಗಡೆ ಉಗುರು ಗೀಚುವ ಸದ್ದು ಕೇಳುತ್ತಲೇ ಇತ್ತು, ಅಪ್ಪ ಬೆಂಕಿಕಡ್ಡಿ ಗೀರಿದ, ಆಮೇಲೆ ಸದ್ದಿರಲಿಲ್ಲ. ಸುಮ್ಮನಿದ್ದ ಜಾಣೆ ಎಂದು ಅವಳಿಗೆ ಮಿಠಾಯಿ ಸಿಕ್ಕಿತು. ಅದನ್ನು ಅವಳು ತಿಂದಳು. ಸಿಹಿಯಾಗಿತ್ತು ಅನ್ನುವುದನ್ನು ಈ ವಯಸ್ಸಿನವರೆಗೂ ಯಾರ ಮುಂದೆಯೂ, ಪ್ರಾರ್ಥನೆಯಲ್ಲಿ ಕೂಡ, ಹೇಳಿಕೊಂಡಿರಲಿಲ್ಲ. ಕೆಳಗೆ ಬ್ಯಾರಿ ಕೊನೆಯ ಹಲಗೆಯ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿದ. ಸದ್ದು ಬರಲಿಲ್ಲ.

ಮಬ್ಬು ಕವಿಯುವ ಹೊತ್ತಿಗೆ ಕ್ಲಿಫರ್ಡನ ಕಾರು ಬಂತು. ಕೆಲಸಗಾರರು ಸಾಮಾನು ಕಟ್ಟುತ್ತಿದ್ದರು. ಅವನು ಟಾರ್ಚು ಹಿಡಿದು ಸುತ್ತು ಬಂದ, ಸಂದಿ ಸಂದಿ ನೋಡಿದ, ಒಳ್ಳೆಯ ಕೆಲಸ ಎಂದ. ಹಿಲ್ಡಾ ಕಿಟಕಿಯನ್ನು ಒಂದಿಷ್ಟು ತೆರೆದಿದ್ದಳು. ಮಾತು ಮೇಲಕ್ಕೆ ಬರುತ್ತಿತ್ತು.

"ಯಜಮಾನ್ರೇ, ಒಂದು ಮಾತು ಹೇಳ್ಲಾ" ಎಂದ ಬ್ಯಾರಿ ನಗುತ್ತ. "ಅಮ್ಮಾವ್ರಿಗೆ ಮಾಡಿನಲ್ಲಿ ಕಿಟಕಿ ಇರಬೇಕು ಅಂತ ಬಹಳ ಆಸೆ ಕಣ್ರೀ. ಬೆಳಿಗ್ಗೆಯಿಂದ ಕೇಳ್ತಾನೇ ಇದಾರೆ. ಹೆಂಚು ಹಾಕೋಕೆ ಮುಂಚೆ ಯೋಚನೆ ಮಾಡಿ."

ಅವನು ಒಳ್ಳೆಯದಕ್ಕೇ ಹೇಳಿದ. ಮೆಟ್ಟಿಲ ಮೇಲೆ ಲೋಟಗಳನ್ನು ಕೂಡಿಸುತ್ತಿದ್ದ ನೋರಾಳ ಕೈ ನಿಂತಿತು.

"ಹೌದಾ?" ಎಂದ ಕ್ಲಿಫರ್ಡ್. "ಕೇಳ್ತಾನೇ ಇದ್ಲಾ?" ಅವನೂ ನಕ್ಕ. "ಹೆಂಗಸರಿಗೆ ಆಕಾಶ ನೋಡೋ ಹುಚ್ಚು." ಬ್ಯಾರಿಯ ಬೆನ್ನು ತಟ್ಟಿ ಕಳಿಸಿದ. ವ್ಯಾನು ತಿರುವು ದಾಟುವವರೆಗೂ ಕೈ ಬೀಸುತ್ತ ನಿಂತಿದ್ದ. ಆಮೇಲೆ ಟಾರ್ಚನ್ನು ಎತ್ತಿ ಹಿಲ್ಡಾಳ ಕಿಟಕಿಗೆ ಬಿಟ್ಟ. ಬೆಳಕು ಅವಳ ಮುಖಕ್ಕೆ ರಾಚಿತು. "ಇನ್ನು ನಿಮಗೆ ಏನೂ ತೊಂದರೆ ಇಲ್ಲ ಹಿಲ್ಡಾ!" ಎಂದು ಕೂಗಿದ, ಹಬ್ಬದ ಶುಭಾಶಯ ಹೇಳುವ ದನಿಯಲ್ಲಿ. ಅವಳ ಕೈ, ದೇವರೇ, ಅವಳ ಕೈ ತಾನಾಗಿ ಎದ್ದು ಅವನಿಗೆ ಬೀಸಿತು.

ಕೆಳಗೆ ಗಾಜಿನ ಕೋಣೆಯ ದೀಪ ಹೊತ್ತಿರಬೇಕು. ಕೋಣೆಯ ಪಕ್ಕದ ಗೋಡೆಗಳಲ್ಲಿ ಉಳಿದಿದ್ದ ಗಾಜುಗಳಿಂದ ಹುಲ್ಲಿನ ಮೇಲೆ ಒಂದು ಹಳದಿ ಪಟ್ಟಿ ಬಿದ್ದಿತ್ತು. ಮೇಲಿನಿಂದ ನೋಡಿದರೆ ಕರಿಯ ಚೌಕ, ಅಷ್ಟೇ. ಅವಳು ನಡುಗೋಡೆಗೆ ಕಿವಿ ಕೊಟ್ಟಳು. ಅಲ್ಲಿ ಮೌನ. ಸದ್ದು ಬಂದದ್ದು ಅಲ್ಲಿಂದಲ್ಲ. ಕಿಟಕಿಯ ಸಂದಿಯಿಂದ, ಬಲು ದೂರದಿಂದ ಬಂದ ಹಾಗೆ, ಕುಂಡ ಒಡೆದದ್ದು ಕೇಳಿತು. ಹುಲ್ಲಿನ ಮೇಲಿನ ಹಳದಿ ಪಟ್ಟಿಯಲ್ಲಿ ಒಂದು ನೆರಳು ಕೈ ಎತ್ತಿತು, ಇಳಿಸಿತು, ಎತ್ತಿತು. ಇನ್ನೊಂದು ನೆರಳು ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಪಟ್ಟಿಯಿಂದ ಆಚೆ ಹೋಯಿತು. ಆ ಕೋಣೆಯಲ್ಲಿ. ಬೆತ್ತದ ಕುರ್ಚಿಯ ಹತ್ತಿರ. ಅವನು ಇಷ್ಟು ವರ್ಷ ಕಾದು, ಹಣ ಸುರಿದು, ಆ ಒಂದು ಬಂಡಿಯಷ್ಟು ಜಾಗವನ್ನೂ ತನ್ನದು ಮಾಡಿಕೊಂಡ, ಮತ್ತು ಅದಕ್ಕೆ ಬೇಲಿ ಬಿಚ್ಚಿಕೊಟ್ಟವಳು ತಾನು.

ಮನೆಯೊಳಗೆ ತುತ್ತೂರಿ ಮೊಳಗಿತು. ಹಿಲ್ಡಾ ಬೆಚ್ಚಿ ನೋಡಿದರೆ ತನ್ನದೇ ಬೆರಳು ರೇಡಿಯೋದ ಗುಂಡಿಯ ಮೇಲಿತ್ತು. ತಿರುಗಿಸಿ, ಪೂರ್ತಿ ತಿರುಗಿಸಿ ನಿಂತಿತ್ತು. ಆರ್ಥರನ ಬೆರಳು. ಅಪ್ಪನ ಬೆಂಕಿಕಡ್ಡಿ. ಬಾಯಲ್ಲಿ ಮಿಠಾಯಿಯ ರುಚಿ ಬಂತು. ಅವಳು ರೇಡಿಯೋವನ್ನು ಆರಿಸಲಿಲ್ಲ. ಎರಡು ಕೈಯಿಂದ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಅದು ಮುಗುಚಿಕೊಂಡು ಇನ್ನೂ ಗೊರಗುಟ್ಟುತ್ತಿತ್ತು. ಹಿಮ್ಮಡಿಯಿಂದ ತುಳಿದಳು, ಮಂಡಿ ನೋಯುವಷ್ಟು ತುಳಿದಳು. ಆಮೇಲೆ ಮಂಚದಡಿಗೆ ಕೈ ಹಾಕಿ ಆರ್ಥರನ ಚರ್ಮದ ಚೀಲ ಎಳೆದಳು. ಅದರಲ್ಲಿ ಅವನು ಕ್ಲಬ್ಬಿನ ಹುಲ್ಲಿನಂಗಳದಲ್ಲಿ ಉರುಳಿಸಿ ಆಡುತ್ತಿದ್ದ ಮರದ ಗುಂಡುಗಳು, ಜೋಡಿ, ಒಂದೊಂದೂ ಎಲೆಕೋಸಿನಷ್ಟು, ಕಬ್ಬಿಣದಷ್ಟು ಭಾರ. ಎದುರಾಳಿ ಯಾವಾಗಲೂ ಕ್ಲಿಫರ್ಡ್. ಕಿಟಕಿಯನ್ನು ಪೂರಾ ಮೇಲಕ್ಕೆ ತಳ್ಳಿದಳು. ಗಾಜಿನ ಮಾಡಾಗಿದ್ದರೆ ಇದು ನೇರ ಅವನ ನೆತ್ತಿಗೆ, ಎಂದು ಲೆಕ್ಕ ಹಾಕಿದ್ದು ಅವಳೇ, ಪ್ರಾರ್ಥನೆ ಮಾಡುವ ಅದೇ ಹಿಲ್ಡಾ. ಆ ಲೆಕ್ಕಕ್ಕೆ ಅವಳು ಕ್ಷಮೆ ಕೇಳಲಿಲ್ಲ. ಒಂದು ಗುಂಡನ್ನು ತಲೆಯ ಮೇಲೆ ಎತ್ತಿ ಎಸೆದಳು.

ಗುಂಡು ಹಲಗೆಯ ಮೇಲೆ ಬಿದ್ದು ಎದೆಗೆ ಗುದ್ದಿದಂಥ ಸದ್ದಾಯಿತು. ಮಾಡು ಒಡೆಯಲಿಲ್ಲ. ಗುಂಡು ಒಂದು ಗುಣಿ ಮಾಡಿ, ಉರುಳಿ, ಅಂಚಿನಿಂದ ಹುಲ್ಲಿಗೆ ಬಿತ್ತು. ಹುಲ್ಲಿನ ಮೇಲಿನ ನೆರಳು ನಿಂತಿತು. ಬಾಗಿಲು ತೆರೆದು ಕ್ಲಿಫರ್ಡ್ ಹೊರಗೆ ಬಂದ. ಕೂದಲು ಸ್ವಲ್ಪ ಕೆದರಿತ್ತು, ಅದನ್ನು ಅಂಗೈಯಿಂದ ಒತ್ತಿಕೊಳ್ಳುತ್ತಿದ್ದ.

"ಹಿಲ್ಡಾ! ಏನಾಯ್ತು? ಮೈಗೆ ಹುಷಾರಿಲ್ವಾ? ಯಾರನ್ನಾದರೂ ಕರೆಸ್ಲಾ?"

ಎಂಥ ಮೃದು ದನಿ. ಅವಳ ನಾಲಿಗೆಯ ತುದಿಯಲ್ಲಿ, ಅಯ್ಯೋ ಏನಿಲ್ಲ, ಎನ್ನುವುದು ಬಂದು ಕುಳಿತಿತ್ತು. ಅದನ್ನು ಹಲ್ಲಿನಿಂದ ಕಚ್ಚಿದಳು.

"ನೀನು ಹೊಡೀತೀಯ!" ಎಂದು ಕೂಗಿದಳು. ಈ ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಕೂಗಿರಲಿಲ್ಲ. "ನೋರಾನ ಹೊಡೀತೀಯ ಕ್ಲಿಫರ್ಡ್! ನಾನು ನೋಡಿದೀನಿ! ಗೋಡೆಯಿಂದ ಕೇಳಿದೀನಿ! ಎಲ್ಲಾ ದಿನ ಕೇಳಿದೀನಿ!"

"ಸ್ವಲ್ಪ ಮೆತ್ತಗೆ..."

"ಮೆತ್ತಗೆ ಇಲ್ಲ ಕಣೋ! ಅವಳ ಕಣ್ಣು ಮುಚ್ಚಿಹೋಗಿತ್ತು, ನಾನು ಪರದೆ ಎಳೆದೆ! ಕೇಳ್ರಪ್ಪಾ ಎಲ್ಲರೂ, ನಾನು ಪರದೆ ಎಳೆದೆ!"

ಸಾಲು ಮನೆಗಳ ಮಹಡಿ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹೊತ್ತಿತು. ಯಾರೋ ಬಾಗಿಲು ತೆರೆದರು. ಕ್ಲಿಫರ್ಡ್ ಆ ದೀಪಗಳನ್ನೆಲ್ಲ ಒಂದು ಸುತ್ತು ನೋಡಿದ, ಮಂದಿರದಲ್ಲಿ ಸಾಲುಗಳನ್ನು ಎಣಿಸುವವನ ಹಾಗೆ.

ಅವನ ಹಿಂದಿನಿಂದ ನೋರಾ ಬಂದಳು. ತುಟಿ ಒಡೆದು ಗದ್ದದವರೆಗೂ ರಕ್ತ ಇಳಿದಿತ್ತು. ಹುಲ್ಲಿನ ಮೇಲೆ ಬಗ್ಗಿ ಗುಂಡನ್ನು ಎರಡು ಕೈಯಿಂದ ಎತ್ತಿಕೊಂಡಳು.

"ಕೊಡು ಇಲ್ಲಿ" ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ಪಾಪ, ಅವರ ವಸ್ತು. ವಾಪಸ್ ಕೊಟ್ಟು ಬರ್ತೀನಿ."

ನೋರಾ ಗುಂಡನ್ನು ಎದೆಯ ಮಟ್ಟಕ್ಕೆ ತಂದಳು. ಅವನು ಬಾಗಿ ಕೈ ಚಾಚಿದ್ದ. ತಲೆಯ ನಡುವಿನ ಬೋಳು ಬೆಳಕಿಗೆ ಹೊಳೆಯುತ್ತಿತ್ತು. ಅವಳ ತೋಳು ಇನ್ನೂ ಮೇಲಕ್ಕೆ ಹೋಯಿತು. ಹಾಕು, ಎಂದಿತು ಮೇಲಿಂದ ಹಿಲ್ಡಾಳ ಒಳಗಿನದೊಂದು, ಹಾಕು, ಹಾಕು. ನೋರಾ ಆ ಬೋಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಗುಂಡನ್ನು ಕೂಸಿನ ಹಾಗೆ ಸೊಂಟಕ್ಕೆ ಇಳಿಸಿಕೊಂಡು, ಅವನನ್ನು ಬಳಸಿ, ಹುಲ್ಲು ದಾಟಿ, ಬೇಲಿಯ ಕಿಂಡಿಯಿಂದ ಈಚೆಗೆ ಬಂದಳು.

ಹಿಲ್ಡಾ ಮೆಟ್ಟಿಲು ಹೇಗೆ ಇಳಿದಳೋ. ಅಡುಗೆಮನೆಯ ಬಾಗಿಲು ತೆಗೆದಾಗ ಅವಳ ಕೈಯಲ್ಲಿ ಜೋಡಿಯ ಇನ್ನೊಂದು ಗುಂಡಿತ್ತು. ನೋರಾ ಒಳಗೆ ಬಂದು ತನ್ನ ಗುಂಡನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಕುಳಿತಳು. ಕ್ಲಿಫರ್ಡ್ ಕಿಂಡಿಯವರೆಗೆ ಬಂದಿದ್ದ. ಅವನ ಬೂಟಿನ ತುದಿ ಒದ್ದೆ ಮಣ್ಣಿನ ಗೆರೆಯ ಮೇಲಿತ್ತು. "ಒಳಗೆ ಬರಬಹುದಾ ಹಿಲ್ಡಾ?" ಎಂದು ಕೇಳಿದ. ಇಷ್ಟಾದ ಮೇಲೂ ಅವನು ಕೇಳಿದ.

"ಬೇಡ" ಎಂದಳು ಹಿಲ್ಡಾ.

ಅದು ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣ ಮಾತಾಗಿತ್ತು. ಅವನು ನಿಂತೇ ಇದ್ದ. ಮೇಲಿನ ಕಿಟಕಿಗಳಲ್ಲಿ ಜನ ನಿಂತೇ ಇದ್ದರು. ಅವಳು ಬಾಗಿಲು ಹಾಕಿ, ಅಗುಳಿ ಜಡಿದು, ಗುಂಡನ್ನು ಮೇಜಿನ ಮೇಲೆ ಇನ್ನೊಂದರ ಪಕ್ಕ ಇಟ್ಟಳು. ನೀರು ಕಾಯಲಿಟ್ಟು, ಬಟ್ಟೆ ಒದ್ದೆ ಮಾಡಿ ನೋರಾಳ ತುಟಿಗೆ ಕೊಟ್ಟು, ರೂಢಿಯಂತೆ, ದೀಪ ಹೊತ್ತಿಸಿದ ಮೇಲೆ ಮಾಡಬೇಕಾದ ಕೆಲಸವೆಂಬಂತೆ, ಕಿಟಕಿಯ ಪರದೆಗೆ ಕೈ ಹಾಕಿದಳು.

"ಎಳೀಬೇಡ ಹಿಲ್ಡಾ" ಎಂದಳು ನೋರಾ. "ಕಾಣಲಿ."